ಸಣ್ಣ ಕಾಲೇಜುಗಳ ಕ್ರೀಡೆ ಮತ್ತು ಹಣಕಾಸು (ಅಮೆರಿಕ ಸಂಯುಕ್ತ ಸಂಸ್ಥಾನ)

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕೆಲವು ನೂರರಿಂದ ಮೂರು ಸಾವಿರದಷ್ಟು ವಿದ್ಯಾರ್ಥಿಗಳಿರುವ, ಹೆಚ್ಚಿನವು ಖಾಸಗಿಯಾಗಿದ್ದು ಪದವಿ ಶಿಕ್ಷಣವನ್ನೇ ಮುಖ್ಯ ಕಾರ್ಯವಾಗಿ ಉಳ್ಳ ಕಾಲೇಜುಗಳು ತಮ್ಮತಮ್ಮೊಳಗೆ ನಡೆಸುವ ಸ್ಪರ್ಧೆಗಳನ್ನು ಸಣ್ಣ ಕಾಲೇಜುಗಳ ಕ್ರೀಡೆ ಎಂದು ಕರೆಯುವುದು ರೂಢಿ. ಲಕ್ಷ ಜನ ಕೂರುವ ಕ್ರೀಡಾಂಗಣಗಳನ್ನು ಕಟ್ಟಿಕೊಂಡು, ದೂರದರ್ಶನದ ಪ್ರಸಾರ ಹಕ್ಕಿನಿಂದ ಕೋಟಿಗಟ್ಟಲೆ ಡಾಲರ್ ಗಳಿಸುವ ದೊಡ್ಡ ವಿಶ್ವವಿದ್ಯಾಲಯಗಳ ಕ್ರೀಡೆಗೂ ಇದಕ್ಕೂ ಆಟದ ನಿಯಮಗಳು ಬಹುಮಟ್ಟಿಗೆ ಒಂದೇ ಆದರೂ ಹಣ ಹರಿಯುವ ದಿಕ್ಕು ಬೇರೆ: ಅಲ್ಲಿ ಆಟವನ್ನು ನೋಡುವವರು ಹಣ ತರುತ್ತಾರೆ, ಇಲ್ಲಿ ಆಟವನ್ನು ಆಡುವವರೇ ಶುಲ್ಕದ ರೂಪದಲ್ಲಿ ಹಣ ತರುತ್ತಾರೆ. ಸಣ್ಣ ಕಾಲೇಜೊಂದು ಏಕೆ 20 ತಂಡಗಳನ್ನು ಸಾಕುತ್ತದೆ, ಏಕೆ ಹೊಸದಾಗಿ ಫುಟ್‌ಬಾಲ್ ಆರಂಭಿಸುತ್ತದೆ, ಕಾಲೇಜು ಮುಳುಗುವಾಗ ತಂಡವೂ ಏಕೆ ಅದರೊಂದಿಗೆ ಮುಳುಗುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವುದು ಈ ವ್ಯತ್ಯಾಸದಲ್ಲಿ. ಇಲ್ಲಿ ಫುಟ್‌ಬಾಲ್ ಎಂದರೆ ಶಿರಸ್ತ್ರಾಣ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಆಟ ಎಂಬುದನ್ನು ಗಮನಿಸಬೇಕು. ಕರ್ನಾಟಕದ ಪದವಿ ಕಾಲೇಜಿನ ಆಟಗಾರರು ಅಂತರ ವಿಶ್ವವಿದ್ಯಾಲಯ ಕೂಟಗಳಿಗೆ ಹೋಗುವಾಗ ತಾವು ಸಂಯೋಜನೆಗೊಂಡ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸುತ್ತಾರೆ; ಅಮೆರಿಕದಲ್ಲಿ ಇಂಥ ಸಂಯೋಜನೆಯ ಪದ್ಧತಿ ಇಲ್ಲದ ಕಾರಣ ಎಂಟುನೂರು ವಿದ್ಯಾರ್ಥಿಗಳ ಕಾಲೇಜು ಕೂಡ ತನ್ನದೇ ಹೆಸರು, ಬಣ್ಣ, ಲಾಂಛನಗಳೊಂದಿಗೆ ರಾಷ್ಟ್ರೀಯ ಪ್ರಶಸ್ತಿಗೆ ನೇರವಾಗಿ ಸೆಣಸುತ್ತದೆ.

ಇತಿಹಾಸ

ಅಮೆರಿಕದ ಕಾಲೇಜು ಕ್ರೀಡೆಯ ಮೊದಲ ಸ್ಪರ್ಧೆ ಎಂದು ಹೇಳಲಾಗುವ, 1852ರಲ್ಲಿ ವಿನ್ನಿಪೆಸಾಕಿ ಸರೋವರದಲ್ಲಿ ನಡೆದ ಹಾರ್ವರ್ಡ್ ಮತ್ತು ಯೇಲ್ ದೋಣಿ ಪಂದ್ಯದ ಖರ್ಚನ್ನು ಪ್ರಯಾಣಿಕರನ್ನು ಸೆಳೆಯಬಯಸಿದ ರೈಲ್ವೆ ಕಂಪನಿಯೊಂದು ಹೊತ್ತಿತ್ತು; ಎಂದರೆ ಹಣದ ಪ್ರಶ್ನೆ ಈ ಕ್ರೀಡೆಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಮೊದಲ ಅಂತರಕಾಲೇಜು ಬೇಸ್‌ಬಾಲ್ ಪಂದ್ಯವಾದರೋ ಎರಡು ಸಣ್ಣ ಕಾಲೇಜುಗಳ ನಡುವಿನದು. 1859ರ ಜುಲೈ 1ರಂದು ಮ್ಯಾಸಚೂಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡ್‌ನಲ್ಲಿ ಆಮರ್ಸ್ಟ್ ಕಾಲೇಜು ವಿಲಿಯಮ್ಸ್ ಕಾಲೇಜನ್ನು 73-32ರಿಂದ ಸೋಲಿಸಿತು. ಮರುದಿನ ಅದೇ ಎರಡು ಕಾಲೇಜುಗಳು ಚದುರಂಗದಲ್ಲೂ ಎದುರಾದವು ಎಂಬುದು ಆ ಕಾಲದಲ್ಲಿ ಆಟ ಮತ್ತು ಪಾಠಗಳ ನಡುವೆ ಗೆರೆ ಇನ್ನೂ ಮೂಡಿರಲಿಲ್ಲ ಎಂಬುದನ್ನು ತೋರಿಸುತ್ತದೆ. 1905ರಲ್ಲಿ ಫುಟ್‌ಬಾಲ್ ಮೈದಾನದಲ್ಲಿ ಸಂಭವಿಸಿದ ಸಾವುಗಳಿಂದ ದೇಶ ಕಳವಳಗೊಂಡು, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಮಧ್ಯೆ ಪ್ರವೇಶಿಸಿದ ಬಳಿಕ 1906ರಲ್ಲಿ ಸ್ಥಾಪನೆಯಾದ ಸಂಘ 1910ರಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ, ಎಂದರೆ ಎನ್‌ಸಿಎಎ, ಎಂಬ ಈಗಿನ ಹೆಸರನ್ನು ಪಡೆಯಿತು.

ಸಣ್ಣ ಕಾಲೇಜು ದೊಡ್ಡದನ್ನು ಸಮಬಲದಿಂದ ಎದುರಿಸಬಹುದಾಗಿದ್ದ ಕಾಲವೊಂದಿತ್ತು. ಕೆಂಟಕಿ ರಾಜ್ಯದ ಡ್ಯಾನ್‌ವಿಲ್ ಎಂಬ ಪುಟ್ಟ ಊರಿನ ಸೆಂಟರ್ ಕಾಲೇಜು 1921ರ ಅಕ್ಟೋಬರ್ 29ರಂದು ಹಾರ್ವರ್ಡ್ ತಂಡವನ್ನು ಅದರ ಸ್ವಂತ ಮೈದಾನದಲ್ಲೇ 6-0ರಿಂದ ಸೋಲಿಸಿತು. ಆ ಅಂಕವನ್ನು ರಸಾಯನಶಾಸ್ತ್ರದ ಸೂತ್ರದಂತೆ ಗೋಡೆಗಳ ಮೇಲೆ ಬರೆದಿಡುವ ಸಂಪ್ರದಾಯ ಡ್ಯಾನ್‌ವಿಲ್‌ನಲ್ಲಿ ಬೆಳೆಯಿತು. ಆದರೆ ಕ್ರೀಡಾಂಗಣಗಳು ದೊಡ್ಡದಾಗುತ್ತ, ಆಟಗಾರರಿಗೆ ಒಳಗಿಂದೊಳಗೆ ಹಣ ಸಂದಾಯವಾಗುತ್ತ ಹೋದಂತೆ ಈ ಸಮಬಲ ಅಳಿಯಿತು. ಕಾರ್ನೆಗಿ ಪ್ರತಿಷ್ಠಾನ 1929ರಲ್ಲಿ ಪ್ರಕಟಿಸಿದ ಕಾಲೇಜು ಕ್ರೀಡೆಯ ವರದಿ ಆಟಗಾರರನ್ನು ಸೆಳೆಯಲು ಸಂಸ್ಥೆಗಳು ನಡೆಸುತ್ತಿದ್ದ ಹಣದ ವ್ಯವಹಾರವನ್ನು ವಿವರವಾಗಿ ದಾಖಲಿಸಿ ಟೀಕಿಸಿತಾದರೂ ದೊಡ್ಡ ಸಂಸ್ಥೆಗಳ ನಡೆ ಬದಲಾಗಲಿಲ್ಲ. ಸಣ್ಣ ಕಾಲೇಜುಗಳು ತಮಗೆಂದು ಬೇರೆ ಅಂಗಳವನ್ನು ಹುಡುಕಿಕೊಳ್ಳಬೇಕಾಯಿತು. 1937ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಅವುಗಳಿಗಾಗಿಯೇ ಆರಂಭವಾದ ಬಾಸ್ಕೆಟ್‌ಬಾಲ್ ಪಂದ್ಯಾವಳಿ 1952ರ ಹೊತ್ತಿಗೆ ಎನ್‌ಎಐಎ ಎಂಬ ಸ್ವತಂತ್ರ ರಾಷ್ಟ್ರೀಯ ಸಂಘವಾಗಿ ಬೆಳೆಯಿತು.

ಈ ಸಂಘದ ಚರಿತ್ರೆಯಲ್ಲಿ ಸ್ಮರಿಸಲೇಬೇಕಾದ ಒಂದು ಘಟ್ಟವಿದೆ. ಅದರ ಪಂದ್ಯಾವಳಿಯಲ್ಲಿ ಆರಂಭದಲ್ಲಿ ಕಪ್ಪು ಜನಾಂಗದ ಆಟಗಾರರಿಗೆ ಅವಕಾಶವಿರಲಿಲ್ಲ. 1947ರಲ್ಲಿ ಇಂಡಿಯಾನಾ ಸ್ಟೇಟ್ ತಂಡದ ತರಬೇತುದಾರ ಜಾನ್ ವುಡನ್ ಅವರು ತಮ್ಮ ಆಟಗಾರ ಕ್ಲಾರೆನ್ಸ್ ವಾಕರ್ ಅವರನ್ನು ಬಿಟ್ಟು ಬರಲೊಪ್ಪದೆ ಆಹ್ವಾನವನ್ನೇ ತಿರಸ್ಕರಿಸಿದರು. ಮರುವರ್ಷ ನಿರ್ಬಂಧ ತೆರವಾಗಿ ವಾಕರ್ ಅಲ್ಲಿ ಆಡಿದರು. ಕಪ್ಪು ಜನರಿಗಾಗಿ ಸ್ಥಾಪನೆಯಾದ ಕಾಲೇಜುಗಳನ್ನು 1953ರಲ್ಲಿ ಸದಸ್ಯರನ್ನಾಗಿ ಸೇರಿಸಿಕೊಂಡದ್ದೂ ಇದೇ ಸಂಘ. ಜಾನ್ ಮೆಕ್ಲೆಂಡನ್ ಅವರ ತರಬೇತಿಯಲ್ಲಿ ಟೆನೆಸಿ ಎ ಅಂಡ್ ಐ ತಂಡ 1957ರಿಂದ 1959ರವರೆಗೆ ಸತತ ಮೂರು ವರ್ಷ ಇದರ ಬಾಸ್ಕೆಟ್‌ಬಾಲ್ ಪ್ರಶಸ್ತಿಯನ್ನು ಗೆದ್ದಿತು. ಹಣ ಕಡಿಮೆ ಇದ್ದ ಅಂಗಳದಲ್ಲಿ ನ್ಯಾಯಕ್ಕೆ ಎಡೆ ಮೊದಲು ಸಿಕ್ಕಿತು ಎಂಬುದು ಕಾಕತಾಳೀಯವಿರಬಹುದು, ಆದರೆ ಅದು ಸಣ್ಣ ಸಂಗತಿಯಲ್ಲ.

ಮಹಿಳೆಯರ ಕ್ರೀಡೆಯಲ್ಲಂತೂ ಸಣ್ಣ ಕಾಲೇಜೇ ಮುಂಚೂಣಿಯಲ್ಲಿತ್ತು. ಪೆನ್ಸಿಲ್ವೇನಿಯಾದಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಇಮ್ಯಾಕ್ಯುಲೇಟಾ ಎಂಬ ಮಹಿಳಾ ಕಾಲೇಜು 1972, 1973 ಮತ್ತು 1974ರಲ್ಲಿ, ಕ್ಯಾಥಿ ರಷ್ ಅವರ ತರಬೇತಿಯಲ್ಲಿ, ಮಹಿಳಾ ಬಾಸ್ಕೆಟ್‌ಬಾಲ್‌ನ ಮೊದಲ ಮೂರು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿತು. ಮೊದಲ ವರ್ಷ ಇಲಿನಾಯ್‌ನಲ್ಲಿ ನಡೆದ ಪಂದ್ಯಾವಳಿಗೆ ಹೋಗಲು ಹಣವಿಲ್ಲದೆ ಆಟಗಾರ್ತಿಯರು ಹಲ್ಲುಜ್ಜುವ ಬ್ರಷ್‌ಗಳನ್ನು ಮಾರಿ ಚಂದಾ ಕೂಡಿಸಿದರು. ಹಾಗಿದ್ದರೂ ಎಂಟು ಮಂದಿಗಷ್ಟೇ ಪ್ರಯಾಣದ ವೆಚ್ಚ ಒದಗಿತು. ಅದೇ 1972ರಲ್ಲಿ ಜಾರಿಗೆ ಬಂದ ಟೈಟಲ್ ನೈನ್ ಎಂಬ ಕಾನೂನು, ಕೇಂದ್ರ ಸರ್ಕಾರದ ನೆರವು ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡಬಾರದೆಂದು ವಿಧಿಸಿದ ಮೇಲೆ ದೊಡ್ಡ ವಿಶ್ವವಿದ್ಯಾಲಯಗಳು ಮಹಿಳಾ ತಂಡಗಳಿಗೆ ಹಣ ಹೂಡತೊಡಗಿದವು. ಇಮ್ಯಾಕ್ಯುಲೇಟಾದಂಥ ಕಾಲೇಜಿಗೆ ರಾಷ್ಟ್ರದ ಅಗ್ರಸ್ಥಾನ ಮತ್ತೆ ಎಟುಕಲಿಲ್ಲ.

ಸಂಘಟನೆ

ಎನ್‌ಸಿಎಎ 1973ರಲ್ಲಿ ತನ್ನ ಸದಸ್ಯ ಸಂಸ್ಥೆಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿತು. ಒಂದನೆಯ ಡಿವಿಷನ್‌ನಲ್ಲಿ ದೊಡ್ಡ ವಿಶ್ವವಿದ್ಯಾಲಯಗಳೂ ಅವುಗಳ ಜೊತೆ ಹೆಣಗುವ ಕೆಲವು ಚಿಕ್ಕ ಸಂಸ್ಥೆಗಳೂ ಇವೆ. ಎರಡನೆಯದರಲ್ಲಿ ಕ್ರೀಡಾ ವಿದ್ಯಾರ್ಥಿವೇತನವನ್ನು ಹಂಚಿ ಕೊಡುವ ಪದ್ಧತಿ ನಡೆದುಬಂದಿದೆ: ಫುಟ್‌ಬಾಲ್ ತಂಡಕ್ಕೆ 36 ಪೂರ್ಣ ವಿದ್ಯಾರ್ಥಿವೇತನಗಳ ಮೊತ್ತವಷ್ಟೇ ಮಿತಿಯಾಗಿದ್ದು, ಅದನ್ನು ನೂರು ಮಂದಿಗೆ ಅಲ್ಪಸ್ವಲ್ಪವಾಗಿ ಹಂಚಬಹುದು, ಉಳಿದ ಶುಲ್ಕವನ್ನು ಆಟಗಾರನ ಮನೆಯವರು, ಸರ್ಕಾರದ ನೆರವು ಅಥವಾ ಸಾಲ ತುಂಬಬೇಕು. ಮೂರನೆಯ ಡಿವಿಷನ್‌ನಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ನಿಷಿದ್ಧ. ಸುಮಾರು 440 ಸಂಸ್ಥೆಗಳಿರುವ ಇದು ಸಂಖ್ಯೆಯಲ್ಲಿ ಮೂರರಲ್ಲೂ ದೊಡ್ಡದು. ಈ ಸಂಸ್ಥೆಗಳಲ್ಲಿ ಐದರಲ್ಲಿ ನಾಲ್ಕರಷ್ಟು ಖಾಸಗಿ, ಮತ್ತು ಅವುಗಳ ವಿದ್ಯಾರ್ಥಿಗಳಲ್ಲಿ ಸರಾಸರಿ ಆರರಲ್ಲಿ ಒಬ್ಬರು ಕಾಲೇಜು ತಂಡದ ಆಟಗಾರರು. ಎನ್‌ಎಐಎ ಸದಸ್ಯರಾದ ಸುಮಾರು 250 ಕಾಲೇಜುಗಳು ವಿದ್ಯಾರ್ಥಿವೇತನ ಕೊಡಬಹುದು. ಎರಡು ವರ್ಷದ ಕಾಲೇಜುಗಳಿಗೆ 1938ರಲ್ಲಿ ಹುಟ್ಟಿದ ಎನ್‌ಜೆಸಿಎಎ ಎಂಬ ಪ್ರತ್ಯೇಕ ಸಂಘವಿದೆ.

ಮೂರನೆಯ ಡಿವಿಷನ್‌ನ ನಿಷೇಧ ಕಾಗದದ ಮೇಲಷ್ಟೇ ಉಳಿಯದಿರಲೆಂದು, ಆಟಗಾರರಿಗೆ ಸಿಗುವ ಶುಲ್ಕದ ನೆರವು ಉಳಿದ ವಿದ್ಯಾರ್ಥಿಗಳಿಗೆ ಸಿಗುವುದಕ್ಕಿಂತ ಬೇರೆ ಬಗೆಯಲ್ಲಿಲ್ಲ ಎಂಬುದನ್ನು ಪ್ರತಿ ಕಾಲೇಜೂ ವರ್ಷವರ್ಷ ಲೆಕ್ಕ ಕೊಟ್ಟು ತೋರಿಸುವ ನಿಯಮವನ್ನು 2004ರ ಸುಧಾರಣೆಗಳ ಅಂಗವಾಗಿ ತರಲಾಯಿತು. ಸಂಘದ ಆದಾಯದಲ್ಲಿ ಈ ಕಾಲೇಜುಗಳ ಪಾಲು ಎಷ್ಟು ಸಣ್ಣದು ಎಂಬುದೂ ತಿಳಿದಿರಬೇಕಾದ ವಿಷಯ. ಎನ್‌ಸಿಎಎಗೆ ಬರುವ ಹಣದಲ್ಲಿ ದೊಡ್ಡ ಪಾಲು ಒಂದನೆಯ ಡಿವಿಷನ್‌ನ ಪುರುಷರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರ ಹಕ್ಕಿನದು. ಅದರ ಕಾರ್ಯಾಚರಣೆಯ ಆದಾಯದಲ್ಲಿ ಎರಡನೆಯ ಡಿವಿಷನ್‌ಗೆ ಶೇಕಡಾ 4.37, ಮೂರನೆಯದಕ್ಕೆ ಶೇಕಡಾ 3.18 ಎಂದು ನಿಗದಿಯಾಗಿದೆ. ಇದು ಕಾಲೇಜುಗಳ ಬೊಕ್ಕಸಕ್ಕೆ ಹೋಗುವುದಿಲ್ಲ, ಮುಖ್ಯವಾಗಿ ರಾಷ್ಟ್ರೀಯ ಪಂದ್ಯಾವಳಿಗಳ ಪ್ರಯಾಣ ಮತ್ತು ವ್ಯವಸ್ಥೆಗೆ ವೆಚ್ಚವಾಗುತ್ತದೆ. ಆದ್ದರಿಂದಲೇ ಮೂರನೆಯ ಡಿವಿಷನ್‌ನಲ್ಲಿ ಎದುರಾಳಿಗಳನ್ನು ಗೊತ್ತುಮಾಡುವಾಗ ಬಲಾಬಲಕ್ಕಿಂತ ದಾರಿಯ ದೂರವೇ ಮುಖ್ಯವಾಗಿ, 500 ಮೈಲಿಯೊಳಗಿನ ತಂಡಗಳು ವಿಮಾನವಿಲ್ಲದೆ ಬಸ್ಸಿನಲ್ಲಿ ಹೋಗುವಂತೆ ಪಟ್ಟಿ ತಯಾರಾಗುತ್ತಿತ್ತು.

ಶುಲ್ಕ, ರಿಯಾಯಿತಿ ಮತ್ತು ತಂಡದ ಲೆಕ್ಕ

ಸಣ್ಣ ಖಾಸಗಿ ಕಾಲೇಜಿನ ಹಣಕಾಸು ನಿಂತಿರುವುದು ಎರಡು ಕಾಲುಗಳ ಮೇಲೆ: ವಿದ್ಯಾರ್ಥಿಗಳು ಕಟ್ಟುವ ಶುಲ್ಕ, ಮತ್ತು ದಾನಿಗಳು ಬಿಟ್ಟುಹೋದ ಮೂಲಧನವನ್ನು ಮುಟ್ಟದೆ ಅದರ ಇಳುವರಿಯಲ್ಲಷ್ಟೇ ಒಂದು ಭಾಗವನ್ನು ಖರ್ಚು ಮಾಡುವ ದತ್ತಿನಿಧಿ. ದತ್ತಿನಿಧಿ ದೊಡ್ಡದಿರುವ ಕಾಲೇಜುಗಳು ಬೆರಳೆಣಿಕೆಯಷ್ಟು. ಉಳಿದವು ಬಹುಮಟ್ಟಿಗೆ ಮೊದಲ ಕಾಲಿನ ಮೇಲೆ ನಿಂತವು. ಪ್ರಕಟಿತ ಶುಲ್ಕಕ್ಕೂ ನಿಜವಾಗಿ ಕೈಸೇರುವ ಶುಲ್ಕಕ್ಕೂ ಅಪಾರ ಅಂತರವಿದೆ. ಪೈಪೋಟಿಯಲ್ಲಿ ವಿದ್ಯಾರ್ಥಿಗಳನ್ನು ಸೆಳೆಯಲು ಕಾಲೇಜು ತಾನೇ ಘೋಷಿಸಿದ ಶುಲ್ಕದಲ್ಲಿ ಒಂದು ಭಾಗವನ್ನು ವಿದ್ಯಾರ್ಥಿವೇತನ ಎಂಬ ಹೆಸರಿನಲ್ಲಿ ಬಿಟ್ಟುಕೊಡುವುದನ್ನು ಶುಲ್ಕ ರಿಯಾಯಿತಿ ಎನ್ನುತ್ತಾರೆ. ಲಾಭರಹಿತ ಖಾಸಗಿ ಕಾಲೇಜುಗಳಲ್ಲಿ ಮೊದಲ ವರ್ಷದವರಿಗೆ ಸಿಗುವ ಸರಾಸರಿ ರಿಯಾಯಿತಿ ಈಗ ಶೇಕಡಾ 50ನ್ನು ದಾಟಿದೆ. ಎಂದರೆ ಫಲಕದ ಮೇಲಿನ ಬೆಲೆಯ ಅರ್ಧಕ್ಕಿಂತ ಕಡಿಮೆ ಹಣ ಕಾಲೇಜಿಗೆ ಬರುತ್ತದೆ.

ಕ್ರೀಡೆ ಈ ಲೆಕ್ಕದೊಳಗೆ ಹೇಗೆ ಬರುತ್ತದೆ ಎಂಬುದನ್ನು ಒಂದು ಊಹೆಯ ಉದಾಹರಣೆಯಿಂದ ನೋಡಬಹುದು. ಘೋಷಿತ ಶುಲ್ಕ ವರ್ಷಕ್ಕೆ 40,000 ಡಾಲರ್, ರಿಯಾಯಿತಿ ಶೇಕಡಾ 55 ಎಂದಿಟ್ಟುಕೊಂಡರೆ ಒಬ್ಬ ವಿದ್ಯಾರ್ಥಿಯಿಂದ ಬರುವುದು 18,000 ಡಾಲರ್. ಈ ಕಾಲೇಜು ಹೊಸದಾಗಿ ಫುಟ್‌ಬಾಲ್ ಆರಂಭಿಸಿ ನೂರು ಮಂದಿಯನ್ನು ಸೇರಿಸಿಕೊಂಡರೆ ಬರುವ ಶುಲ್ಕ 18 ಲಕ್ಷ ಡಾಲರ್. ತರಬೇತುದಾರರ ಸಂಬಳ, ಉಡುಪು, ಬಸ್ಸು, ವಿಮೆ, ವೈದ್ಯಕೀಯ ವೆಚ್ಚ ಎಲ್ಲ ಸೇರಿ 6 ಲಕ್ಷ ಖರ್ಚಾದರೂ 12 ಲಕ್ಷ ಉಳಿಯುತ್ತದೆ, ಅದರ ಮೇಲೆ ವಸತಿ ಮತ್ತು ಊಟದ ಹಣ ಬೇರೆ. ತರಗತಿಯ ಬೆಂಚುಗಳೂ ಹಾಸ್ಟೆಲ್ಲಿನ ಕೋಣೆಗಳೂ ಹೇಗೂ ಖಾಲಿ ಇದ್ದವಾದ್ದರಿಂದ ಅವಕ್ಕೆ ಹೊಸ ವೆಚ್ಚವಿಲ್ಲ ಎಂಬುದು ಈ ವಾದದ ತಳಹದಿ. ಟಿಕೆಟ್ ಮಾರಾಟದ ಮಾತು ಇಲ್ಲಿ ಬರುವುದೇ ಇಲ್ಲ. ಕ್ರೀಡಾ ವಿದ್ಯಾರ್ಥಿವೇತನವಿಲ್ಲದ ಡಿವಿಷನ್‌ನಲ್ಲಿ ಪ್ರತಿಯೊಬ್ಬ ಆಟಗಾರನೂ ಶುಲ್ಕ ಕಟ್ಟುವವನೇ ಆಗಿರುವುದರಿಂದ ಮೈದಾನದಲ್ಲಿ ಒಮ್ಮೆಗೆ ಹನ್ನೊಂದು ಮಂದಿಯಷ್ಟೇ ಆಡುವ ಆಟಕ್ಕೆ ನೂರೈವತ್ತು ಮಂದಿಯ ತಂಡ ಕಟ್ಟುವ ಕಾಲೇಜುಗಳೂ ಉಂಟು. ತರಬೇತುದಾರನಿಗೆ ಗೆಲುವಿನ ಗುರಿಗಿಂತ ಮೊದಲು ಇಂತಿಷ್ಟು ಹೊಸ ವಿದ್ಯಾರ್ಥಿಗಳನ್ನು ಕರೆತರಬೇಕೆಂಬ ಸಂಖ್ಯೆಯ ಗುರಿ ಗೊತ್ತುಮಾಡಲಾಗುತ್ತದೆ. ಪ್ರತಿ ಆಟವೂ ಕಾಲೇಜಿಗೆ ನಿವ್ವಳ ಎಷ್ಟು ತರುತ್ತದೆಂದು ಲೆಕ್ಕ ಹಾಕಲು ಎನ್‌ಎಐಎ ತನ್ನ ಸದಸ್ಯರಿಗೆ ಒಂದು ವಿಧಾನವನ್ನೇ ಒದಗಿಸಿದೆ.

ಈ ಲೆಕ್ಕ ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಆ ನೂರು ಮಂದಿಯಲ್ಲಿ ತಂಡವಿಲ್ಲದಿದ್ದರೂ ಅಲ್ಲಿಗೇ ಬರುತ್ತಿದ್ದವರೆಷ್ಟು, ಆಡುವ ಅವಕಾಶ ಸಿಗದೆ ಮೊದಲ ವರ್ಷವೇ ಬಿಟ್ಟುಹೋಗುವವರೆಷ್ಟು, ಮೈದಾನಕ್ಕೆ ಮಾಡಿದ ಸಾಲದ ಬಡ್ಡಿ ಯಾವ ಖಾತೆಯಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಉಳಿಕೆಯ ಮೊತ್ತಕ್ಕೆ ಅರ್ಥ ಬರುವುದಿಲ್ಲ. 1994ರ ಕಾನೂನೊಂದರ ಪ್ರಕಾರ ಕಾಲೇಜುಗಳು ಕ್ರೀಡೆಯ ಆಯವ್ಯಯವನ್ನು ವರ್ಷವರ್ಷ ಸರ್ಕಾರಕ್ಕೆ ಸಲ್ಲಿಸಬೇಕಾದರೂ ಅಲ್ಲಿ ಕಾಲೇಜು ತಾನೇ ತಂಡಕ್ಕೆ ಕೊಟ್ಟ ಹಣವೂ ಆದಾಯವೆಂದೇ ದಾಖಲಾಗುವುದರಿಂದ ಎಷ್ಟೋ ಸಣ್ಣ ಕಾಲೇಜುಗಳ ವರದಿಯಲ್ಲಿ ಆದಾಯ ಮತ್ತು ವೆಚ್ಚ ಡಾಲರಿಗೆ ಡಾಲರ್ ಸಮನಾಗಿರುತ್ತವೆ. ಓದುಗನಿಗೆ ಅದರಿಂದ ಲಾಭನಷ್ಟದ ಸುಳಿವೇ ಸಿಗದು. ಇನ್ನೂ ಮೂಲಭೂತವಾದ ತೊಡಕೆಂದರೆ, ಒಂದು ಕಾಲೇಜಿಗೆ ಸರಿಹೊಂದುವ ಉಪಾಯ ಎಲ್ಲ ಕಾಲೇಜುಗಳಿಗೂ ಒಟ್ಟಿಗೆ ಸರಿಹೊಂದಲಾರದು. ಅಮೆರಿಕದಲ್ಲಿ ಜನನಗಳ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ ಇಳಿಯತೊಡಗಿದ್ದರಿಂದ ಆ ವರ್ಷ ಹುಟ್ಟಿದವರು ಹದಿನೆಂಟು ತುಂಬುವ 2025ರ ನಂತರ ಕಾಲೇಜು ಸೇರುವ ವಯಸ್ಸಿನವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾರೆ. ಪಕ್ಕದ ಕಾಲೇಜೂ ಫುಟ್‌ಬಾಲ್ ಆರಂಭಿಸಿದಾಗ ಇಬ್ಬರೂ ಅದೇ ಹುಡುಗರ ಹಿಂದೆ ಓಡಬೇಕಾಗುತ್ತದೆ, ಮತ್ತು ರಿಯಾಯಿತಿ ಇನ್ನಷ್ಟು ಏರುತ್ತದೆ.

ಹಣವುಳ್ಳ ಕಾಲೇಜುಗಳು

ದತ್ತಿನಿಧಿ ದೊಡ್ಡದಿರುವ ಕಾಲೇಜುಗಳಲ್ಲಿ ಚಿತ್ರ ಬೇರೆಯೇ ಆಗಿದೆ. ವಿಲಿಯಮ್ಸ್ ಮತ್ತು ಆಮರ್ಸ್ಟ್ ಕಾಲೇಜುಗಳಲ್ಲಿ ತಲಾ ಎರಡು ಸಾವಿರದಷ್ಟು ವಿದ್ಯಾರ್ಥಿಗಳಿದ್ದು ಪ್ರತಿಯೊಂದರ ದತ್ತಿನಿಧಿ 300 ಕೋಟಿ ಡಾಲರ್‌ಗೂ ಮಿಗಿಲು. ಇವೂ ಸೇರಿದಂತೆ ಈಶಾನ್ಯ ರಾಜ್ಯಗಳ ಹಲವು ಕಾಲೇಜುಗಳು 1971ರಲ್ಲಿ ನೆಸ್ಕ್ಯಾಕ್ ಎಂಬ ಕೂಟವನ್ನು ಕಟ್ಟಿಕೊಂಡು ಋತುವಿನ ಉದ್ದ, ಅಭ್ಯಾಸದ ಅವಧಿ, ಆಟಗಾರರ ಆಯ್ಕೆಗಳಲ್ಲಿ ತಮ್ಮನ್ನು ತಾವೇ ನಿಯಂತ್ರಿಸಿಕೊಂಡವು. ಎಲ್ಲ ಆಟಗಳ ಸಾಧನೆಯನ್ನು ಕೂಡಿ ಕೊಡುವ ಡೈರೆಕ್ಟರ್ಸ್ ಕಪ್ ಎಂಬ ಪ್ರಶಸ್ತಿಯನ್ನು ಮೂರನೆಯ ಡಿವಿಷನ್‌ನಲ್ಲಿ ವಿಲಿಯಮ್ಸ್ 20ಕ್ಕೂ ಹೆಚ್ಚು ಬಾರಿ ಗೆದ್ದಿದೆ. ಅಯೋವಾದ ಗ್ರಿನೆಲ್ ಕಾಲೇಜಿನ ನಿಧಿ ಬೆಳೆದ ಬಗೆ ಇನ್ನೊಂದು: ಹೂಡಿಕೆದಾರ ವಾರೆನ್ ಬಫೆಟ್ ಅದರ ಆಡಳಿತ ಮಂಡಳಿಯಲ್ಲಿದ್ದ 1976ರಲ್ಲಿ ಅದು ಒಹಾಯೊದ ದೂರದರ್ಶನ ಕೇಂದ್ರವೊಂದನ್ನು ಕೊಂಡು, ಕೆಲವು ವರ್ಷಗಳ ಬಳಿಕ ಹಲವು ಪಟ್ಟು ಬೆಲೆಗೆ ಮಾರಿತು. ಆಟದ ಹಣದಿಂದಲ್ಲ, ಹೂಡಿಕೆಯಿಂದ ನಿಶ್ಚಿಂತೆಯಾದ ಆ ಕಾಲೇಜಿನ ಬಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ ಜ್ಯಾಕ್ ಟೇಲರ್ ಎಂಬ ಆಟಗಾರ 2012ರಲ್ಲಿ ಒಬ್ಬರೇ 138 ಅಂಕ ಗಳಿಸಿದಾಗ ಇಡೀ ದೇಶ ಅತ್ತ ತಿರುಗಿ ನೋಡಿತು.

ಇಂಥ ಕಾಲೇಜುಗಳಲ್ಲಿ ಕೊರತೆ ಹಣದ್ದಲ್ಲ, ಸೀಟುಗಳದು. ಜೇಮ್ಸ್ ಶುಲ್ಮನ್ ಮತ್ತು ವಿಲಿಯಂ ಬೋವೆನ್ 2001ರಲ್ಲಿ ಹೊರತಂದ ಅಧ್ಯಯನ, ಆಯ್ಕೆಯಲ್ಲಿ ಕಟ್ಟುನಿಟ್ಟಾದ ಸಣ್ಣ ಕಾಲೇಜುಗಳಲ್ಲಿ ಆಟಗಾರರ ಪ್ರಮಾಣ ದೊಡ್ಡ ವಿಶ್ವವಿದ್ಯಾಲಯಗಳಿಗಿಂತ ಎಷ್ಟೋ ಹೆಚ್ಚೆಂದೂ, ತರಬೇತುದಾರರ ಶಿಫಾರಸು ಪ್ರವೇಶದ ತಕ್ಕಡಿಯನ್ನು ಗಣನೀಯವಾಗಿ ವಾಲಿಸುತ್ತದೆಂದೂ ತೋರಿಸಿಕೊಟ್ಟಿತು. ಲಕ್ಷ ಜನ ನೋಡುವ ತಂಡವಿರುವ ವಿಶ್ವವಿದ್ಯಾಲಯದಲ್ಲಿ ಆಟಗಾರರು ನೂರಕ್ಕೆ ನಾಲ್ಕೈದು ಮಂದಿ. ನಾನೂರು ಜನ ನೋಡುವ ತಂಡವಿರುವ ಕಾಲೇಜಿನಲ್ಲಿ ಗಂಡುಮಕ್ಕಳ ಪೈಕಿ ಮೂರನೇ ಒಂದು ಭಾಗದವರೆಗೂ ಆಟಗಾರರಿರಬಹುದು. ಸುಮಾರು 1,400 ವಿದ್ಯಾರ್ಥಿಗಳ ಸ್ವಾರ್ಥ್‌ಮೋರ್ ಕಾಲೇಜು 2000ದ ಡಿಸೆಂಬರ್‌ನಲ್ಲಿ ಫುಟ್‌ಬಾಲ್ ಮತ್ತು ಕುಸ್ತಿಯನ್ನು ಕೈಬಿಟ್ಟದ್ದು ಇದೇ ಕಾರಣಕ್ಕೆ, ಹಳೆಯ ವಿದ್ಯಾರ್ಥಿಗಳ ತೀವ್ರ ವಿರೋಧದ ನಡುವೆ. ಉಳಿದ ಆಟಗಳಿಗೆ ಹೀಗೆ ಬಿಡುವು ಸಿಕ್ಕ ಆ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ 2019ರಲ್ಲಿ ರಾಷ್ಟ್ರೀಯ ಅಂತಿಮ ಪಂದ್ಯದವರೆಗೆ ಬಂದಿತು. ಶ್ರೀಮಂತ ಕಾಲೇಜಿನಲ್ಲಿ ಫುಟ್‌ಬಾಲ್ ಆಟಗಾರ ಒಂದು ಸೀಟನ್ನು ಬಳಸಿಬಿಡುತ್ತಾನೆ, ಬಡ ಕಾಲೇಜಿನಲ್ಲಿ ಅದೇ ಆಟಗಾರ ಖಾಲಿ ಸೀಟೊಂದನ್ನು ತುಂಬುತ್ತಾನೆ. ಒಂದೇ ಡಿವಿಷನ್‌ನಲ್ಲಿ, ಒಂದೇ ನಿಯಮದಡಿ ಆಡುವ ಈ ಎರಡು ಬಗೆಯ ಸಂಸ್ಥೆಗಳ ಹಿತಾಸಕ್ತಿಗಳು ಎದುರುಬದುರಾಗಿವೆ.

ಏಡ್ರಿಯನ್ ಮಾದರಿ

ಆಟದಿಂದ ವಿದ್ಯಾರ್ಥಿಸಂಖ್ಯೆ ಹೆಚ್ಚಿಸುವ ಉಪಾಯಕ್ಕೆ ಹೆಸರು ತಂದುಕೊಟ್ಟದ್ದು ಮಿಷಿಗನ್ ರಾಜ್ಯದ ಏಡ್ರಿಯನ್ ಕಾಲೇಜು. 2005ರಲ್ಲಿ ಜೆಫ್ರಿ ಡಾಕಿಂಗ್ ಅಲ್ಲಿನ ಅಧ್ಯಕ್ಷರಾದಾಗ ವಿದ್ಯಾರ್ಥಿಗಳು ಸಾವಿರಕ್ಕೂ ಕಡಿಮೆ ಇದ್ದರು. ಕಾಲೇಜು ಸಾಲ ಮಾಡಿ ಕ್ರೀಡಾಂಗಣವನ್ನೂ ಹಿಮಕ್ರೀಡೆಯ ಅಂಗಳವನ್ನೂ ಕಟ್ಟಿಸಿ, ಐಸ್ ಹಾಕಿ, ಲಕ್ರಾಸ್, ಬೌಲಿಂಗ್, ಕೊನೆಗೆ ಗಾಳದಲ್ಲಿ ಮೀನು ಹಿಡಿಯುವ ಸ್ಪರ್ಧೆಯವರೆಗೆ ತಂಡದ ಮೇಲೆ ತಂಡ ಕಟ್ಟಿ, ಪ್ರತಿ ತರಬೇತುದಾರನಿಗೂ ಕರೆತರಬೇಕಾದ ವಿದ್ಯಾರ್ಥಿಗಳ ಸಂಖ್ಯೆಯನ್ನು ಗೊತ್ತುಮಾಡಿತು. ಕೆಲವೇ ವರ್ಷಗಳಲ್ಲಿ ದಾಖಲಾತಿ ಸರಿಸುಮಾರು ಇಮ್ಮಡಿಯಾಯಿತು. ಸಣ್ಣ ಕಾಲೇಜುಗಳನ್ನು ಉಳಿಸುವ ದಾರಿ ಇದೆಂದು ಡಾಕಿಂಗ್ 2015ರಲ್ಲಿ ಪುಸ್ತಕವನ್ನೇ ಬರೆದರು. ಈ ಉಪಾಯದ ನಿಜವಾದ ಬಲ ಇರುವುದು ಒಂದು ಮಾನವೀಯ ಸತ್ಯದಲ್ಲಿ: ಪ್ರೌಢಶಾಲೆ ಮುಗಿಯುವವರೆಗೆ ವರ್ಷಗಟ್ಟಲೆ ಬೆವರು ಸುರಿಸಿದ, ಆದರೆ ದೊಡ್ಡ ವಿಶ್ವವಿದ್ಯಾಲಯದ ತಂಡಕ್ಕೆ ಸಾಲದ ಸಾಮಾನ್ಯ ಆಟಗಾರನಿಗೆ ಇನ್ನೂ ನಾಲ್ಕು ವರ್ಷ ಆಡುವ ಆಸೆ ಇರುತ್ತದೆ, ಆ ಆಸೆಗೆ ಬೆಲೆ ಕೊಡುವ ಕಾಲೇಜಿಗೆ ಅವನು ಬರುತ್ತಾನೆ.

2011ರಲ್ಲಿ ಸ್ಟೀವನ್‌ಸನ್, 2013ರಲ್ಲಿ ಬೆರಿ, ಅದೇ ವರ್ಷ ಅರ್ಧ ಶತಮಾನದ ವಿರಾಮದ ಬಳಿಕ ಹೆಂಡ್ರಿಕ್ಸ್, ಹೀಗೆ ಹಲವು ಕಾಲೇಜುಗಳು ಫುಟ್‌ಬಾಲ್ ಆರಂಭಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅಮೆರಿಕದ ಪದವಿ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳ ಪ್ರಮಾಣ ಬಹಳ ವರ್ಷಗಳಿಂದ ಅರ್ಧಕ್ಕಿಂತ ಹೆಚ್ಚಾಗಿದ್ದು, ಗಂಡುಮಕ್ಕಳನ್ನು ಒಟ್ಟಿಗೆ ನೂರರ ಲೆಕ್ಕದಲ್ಲಿ ತರಬಲ್ಲ ಆಟ ಫುಟ್‌ಬಾಲ್ ಒಂದೇ. ಆದರೆ ಟೈಟಲ್ ನೈನ್ ಪ್ರಕಾರ ಮಹಿಳೆಯರಿಗೂ ತಕ್ಕ ಅವಕಾಶ ಕಲ್ಪಿಸಬೇಕಾದ್ದರಿಂದ ಮಹಿಳಾ ಆಟಗಳೂ ಹೆಚ್ಚಿದವು. ಎನ್‌ಎಐಎ ಆರಂಭಿಸಿದ ಮಹಿಳೆಯರ ಫ್ಲ್ಯಾಗ್ ಫುಟ್‌ಬಾಲ್ ಪ್ರಶಸ್ತಿಯನ್ನು 2021ರಲ್ಲಿ ಮೊದಲು ಗೆದ್ದದ್ದು ಕ್ಯಾನ್ಸಸ್‌ನ ಒಟ್ಟಾವಾ ವಿಶ್ವವಿದ್ಯಾಲಯ ಎಂಬ ಸಣ್ಣ ಸಂಸ್ಥೆ. ಮಹಿಳಾ ಕುಸ್ತಿಗೆ ಎನ್‌ಸಿಎಎ 2025ರಲ್ಲಿ ರಾಷ್ಟ್ರೀಯ ಪಂದ್ಯಾವಳಿಯ ಮಾನ್ಯತೆ ಕೊಟ್ಟಿತು. ಕಂಪ್ಯೂಟರ್ ಆಟಗಳಿಗೆ ವಿದ್ಯಾರ್ಥಿವೇತನ ಕೊಡುವ ಪರಿಪಾಠವನ್ನು 2014ರಲ್ಲಿ ಆರಂಭಿಸಿದ ಇಲಿನಾಯ್‌ನ ರಾಬರ್ಟ್ ಮಾರಿಸ್ ವಿಶ್ವವಿದ್ಯಾಲಯ 2020ರಲ್ಲಿ ಇನ್ನೊಂದು ವಿಶ್ವವಿದ್ಯಾಲಯದೊಳಗೆ ವಿಲೀನವಾಯಿತು. ಹೊಸ ಆಟ ಹೆಸರು ತಂದಿತು, ಸಂಸ್ಥೆಯನ್ನು ಉಳಿಸಲಿಲ್ಲ.

ಬರ್ಮಿಂಗ್‌ಹ್ಯಾಂ-ಸದರ್ನ್ ಕಾಲೇಜು

ಸಣ್ಣ ಕಾಲೇಜಿನ ಕ್ರೀಡೆ ಹಿಡಿಯಬಹುದಾದ ಎಲ್ಲ ದಾರಿಗಳನ್ನೂ ಒಂದೇ ಸಂಸ್ಥೆಯ ಚರಿತ್ರೆಯಲ್ಲಿ ಕಾಣಬೇಕಾದರೆ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಂ-ಸದರ್ನ್ ಕಾಲೇಜನ್ನು ನೋಡಬೇಕು. 1856ರಷ್ಟು ಹಳೆಯ ಬೇರುಗಳಿದ್ದ ಈ ಮೆಥಡಿಸ್ಟ್ ಕಾಲೇಜು 1990 ಮತ್ತು 1995ರಲ್ಲಿ ಎನ್‌ಎಐಎ ಬಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದು, ಆ ಹುರುಪಿನಲ್ಲಿ ಎನ್‌ಸಿಎಎಯ ಒಂದನೆಯ ಡಿವಿಷನ್‌ಗೆ ಏರಿ 2003ರಲ್ಲಿ ಪೂರ್ಣ ಸದಸ್ಯತ್ವ ಪಡೆಯಿತು. ಅಲ್ಲಿನ ವಿದ್ಯಾರ್ಥಿವೇತನಗಳ ಭಾರ ತಾಳಲಾರದೆ ಮೂರೇ ವರ್ಷದಲ್ಲಿ, 2006ರಲ್ಲಿ, ನೇರವಾಗಿ ಮೂರನೆಯ ಡಿವಿಷನ್‌ಗೆ ಇಳಿಯಲು ಆಡಳಿತ ಮಂಡಳಿ ತೀರ್ಮಾನಿಸಿತು. 2007ರಲ್ಲಿ, 1939ರಿಂದ ನಿಂತುಹೋಗಿದ್ದ ಫುಟ್‌ಬಾಲ್ ಮತ್ತೆ ಆರಂಭವಾಯಿತು. ದಾಖಲಾತಿ ಒಂದು ಹಂತಕ್ಕೆ 1,500ರ ಸುತ್ತಮುತ್ತ ಮುಟ್ಟಿತು. ಆದರೆ ಅದೇ ಕಾಲದಲ್ಲಿ ಕಟ್ಟಡಗಳಿಗಾಗಿ ಸಾಲ ಬೆಳೆಯಿತು, 2008ರ ಆರ್ಥಿಕ ಕುಸಿತದಲ್ಲಿ ದತ್ತಿನಿಧಿ ಕುಗ್ಗಿತು, ಮತ್ತು 2010ರಲ್ಲಿ ವಿದ್ಯಾರ್ಥಿಗಳ ನೆರವಿನ ಮೊತ್ತವನ್ನು ವರ್ಷಗಳ ಕಾಲ ತಪ್ಪಾಗಿ ಲೆಕ್ಕ ಹಾಕಲಾಗಿತ್ತೆಂದು ಬೆಳಕಿಗೆ ಬಂದು ದೊಡ್ಡ ಪ್ರಮಾಣದ ವೆಚ್ಚ ಕಡಿತ ಅನಿವಾರ್ಯವಾಯಿತು. ಮುಟ್ಟಬಾರದ ಮೂಲಧನಕ್ಕೇ ಕೈಹಾಕಿದ ಮೇಲೆ ಕಾಲೇಜು ಚೇತರಿಸಿಕೊಳ್ಳಲಿಲ್ಲ.

2023ರಲ್ಲಿ ರಾಜ್ಯದ ಶಾಸನಸಭೆ ಸಂಕಷ್ಟದ ಕಾಲೇಜುಗಳಿಗೆಂದು ಸಾಲದ ಯೋಜನೆಯೊಂದನ್ನು ಮಂಜೂರು ಮಾಡಿದರೂ, ಮರುಪಾವತಿಯ ಭದ್ರತೆ ಸಾಲದೆಂದು ರಾಜ್ಯದ ಖಜಾಂಚಿ ಸಾಲ ನಿರಾಕರಿಸಿದರು. 2024ರ ಮಾರ್ಚ್‌ನಲ್ಲಿ ಆಡಳಿತ ಮಂಡಳಿ ಮೇ 31ರಂದು ಕಾಲೇಜನ್ನು ಮುಚ್ಚುವ ನಿರ್ಣಯ ಕೈಗೊಂಡಿತು. ಆಗ ಬೇಸ್‌ಬಾಲ್ ಋತು ನಡೆಯುತ್ತಿತ್ತು. ತಂಡ ಗೆಲ್ಲುತ್ತ ಹೋಗಿ ಒಹಾಯೊದ ಈಸ್ಟ್‌ಲೇಕ್‌ನಲ್ಲಿ ನಡೆಯುವ ರಾಷ್ಟ್ರೀಯ ಪಂದ್ಯಾವಳಿಗೆ ಅರ್ಹತೆ ಪಡೆಯಿತು, ಮತ್ತು ಅಲ್ಲಿ ಅದರ ಮೊದಲ ಪಂದ್ಯ ನಡೆದದ್ದು ಮೇ 31ರಂದೇ. ಕಾಲೇಜು ಅಸ್ತಿತ್ವ ಕಳೆದುಕೊಂಡ ಬಳಿಕವೂ ಅದರ ಹೆಸರಿನ ಅಂಗಿ ತೊಟ್ಟ ತಂಡ ಮತ್ತೆರಡು ದಿನ ಆಡಿ, ಜೂನ್ 2ರಂದು ವಿಸ್ಕಾನ್ಸಿನ್-ವೈಟ್‌ವಾಟರ್ ಎದುರು ಒಂದೇ ಒಂದು ರನ್ನಿನಿಂದ, 11-10ರಲ್ಲಿ, ಸೋತಿತು. ದಾಖಲಾತಿ ಹೆಚ್ಚಿಸಲೆಂದು ಕರೆತಂದ ಆಟಗಾರರು ಕಾಲೇಜಿನ ಕೊನೆಯ ಪ್ರತಿನಿಧಿಗಳಾಗಿ ಉಳಿದದ್ದನ್ನು ಲೆಕ್ಕಪತ್ರದ ಯಾವ ಸಾಲೂ ಹೇಳಲಾರದು. ಆ ಹುಡುಗರು ಆಡಿದ್ದು ಲೆಕ್ಕಕ್ಕಾಗಿ ಆಗಿರಲಿಲ್ಲ.

ಇಳಿಕೆ, ನಿರ್ಗಮನ ಮತ್ತು ಮುಚ್ಚುಗಡೆ

ಇದೇ ಅವಧಿಯಲ್ಲಿ ಮುಚ್ಚಿದ ಇತರ ಕಾಲೇಜುಗಳಲ್ಲಿ 2020ರಲ್ಲಿ ಮೆಕ್‌ಮರಿ, 2022ರಲ್ಲಿ ಸೈಬರ್ ದಾಳಿಯ ಪೆಟ್ಟನ್ನೂ ತಿಂದ ಲಿಂಕನ್, 2023ರಲ್ಲಿ ಫಿನ್ಲೆಂಡಿಯಾ ಮತ್ತು ಅಯೋವಾ ವೆಸ್ಲಿಯನ್, 2024ರಲ್ಲಿ ವೆಲ್ಸ್ ಮತ್ತು ಕ್ಯಾಬ್ರಿನಿ ಸೇರಿವೆ. ಇವೆಲ್ಲವೂ ಕ್ರೀಡಾ ತಂಡಗಳಿದ್ದ ಕಾಲೇಜುಗಳೇ. 1842ರಲ್ಲಿ ಸ್ಥಾಪನೆಯಾದ ಅಯೋವಾ ವೆಸ್ಲಿಯನ್ ಕೇಂದ್ರ ಸರ್ಕಾರದ ಕೃಷಿ ಇಲಾಖೆಗೆ ದೊಡ್ಡ ಸಾಲ ತೀರಿಸಬೇಕಾಗಿತ್ತು. ಗ್ರಾಮೀಣಾಭಿವೃದ್ಧಿಯ ಹೆಸರಿನಲ್ಲಿ ಕೃಷಿ ಇಲಾಖೆ ಕಾಲೇಜಿಗೆ ಸಾಲ ಕೊಟ್ಟಿತ್ತೆಂಬ ಸಂಗತಿಯೇ ಇಂಥ ಊರುಗಳಲ್ಲಿ ಕಾಲೇಜಿನ ಸ್ಥಾನವೇನೆಂಬುದಕ್ಕೆ ಸಾಕ್ಷಿ: ಅದು ಊರಿನ ದೊಡ್ಡ ಉದ್ಯೋಗದಾತ, ಶನಿವಾರದ ಆಟ ಊರಿನ ಜನ ಸೇರುವ ಸಂತೆ.

ಕ್ರೀಡೆಯನ್ನೇ ಕೈಬಿಟ್ಟು ಉಳಿದ ಸಂಸ್ಥೆಗಳೂ ಇವೆ. ಅಟ್ಲಾಂಟಾದ ಸ್ಪೆಲ್‌ಮನ್ ಮಹಿಳಾ ಕಾಲೇಜು ಸುಮಾರು 2,100 ವಿದ್ಯಾರ್ಥಿನಿಯರಲ್ಲಿ 80 ಮಂದಿಗಷ್ಟೇ ತಲಪುತ್ತಿದ್ದ, ವರ್ಷಕ್ಕೆ ಸುಮಾರು 10 ಲಕ್ಷ ಡಾಲರಿನ ಕ್ರೀಡಾ ವೆಚ್ಚವನ್ನು ಎಲ್ಲ ವಿದ್ಯಾರ್ಥಿನಿಯರ ವ್ಯಾಯಾಮ ಮತ್ತು ಆರೋಗ್ಯದ ಕಾರ್ಯಕ್ರಮಕ್ಕೆ ತಿರುಗಿಸಲು 2012ರಲ್ಲಿ ನಿರ್ಧರಿಸಿತು. ಬ್ರೂಕ್ಲಿನ್‌ನ ಸೇಂಟ್ ಫ್ರಾನ್ಸಿಸ್ ಕಾಲೇಜು 2023ರಲ್ಲಿ ಒಂದನೆಯ ಡಿವಿಷನ್‌ನ ತನ್ನ ಎಲ್ಲ ತಂಡಗಳನ್ನು ಒಮ್ಮೆಗೇ ರದ್ದುಮಾಡಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು: ಸಾರ್ವಜನಿಕ ಸಂಸ್ಥೆಯಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾಂಟಾ ಕ್ರೂಜ್ ಘಟಕದಲ್ಲಿ ಮೂರನೆಯ ಡಿವಿಷನ್‌ನ ತಂಡಗಳು ನಿಲ್ಲುವ ಸ್ಥಿತಿ ಬಂದಾಗ 2017ರಲ್ಲಿ ವಿದ್ಯಾರ್ಥಿಗಳೇ ಮತದಾನ ಮಾಡಿ, ತಾವೇ ಕಟ್ಟುವ ಹೊಸ ಶುಲ್ಕಕ್ಕೆ ಒಪ್ಪಿ ಅವುಗಳನ್ನು ಉಳಿಸಿಕೊಂಡರು.

ಮೇಲಿನ ಡಿವಿಷನ್‌ನಿಂದ ಕೆಳಗಿಳಿಯುವವರ ಸಾಲಿನಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ವಿಶ್ವವಿದ್ಯಾಲಯ ಹೆಚ್ಚು ಚರ್ಚೆಗೊಳಗಾಯಿತು. 2021ರ ಮಾರ್ಚ್‌ನಲ್ಲಿ ಅದರ ಪುರುಷರ ಬಾಸ್ಕೆಟ್‌ಬಾಲ್ ತಂಡ ಚರಿತ್ರೆಯಲ್ಲೇ ಮೊದಲ ಬಾರಿ ಒಂದನೆಯ ಡಿವಿಷನ್‌ನ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿತ್ತು. ಎರಡೇ ತಿಂಗಳಲ್ಲಿ ಆಡಳಿತ ಮಂಡಳಿ ಮೂರನೆಯ ಡಿವಿಷನ್‌ಗೆ ಇಳಿಯುವ ನಿರ್ಧಾರ ಪ್ರಕಟಿಸಿತು. ಇದರಿಂದ ವರ್ಷಕ್ಕೆ 92 ಲಕ್ಷ ಡಾಲರ್ ಉಳಿಯಬಹುದೆಂದು ಸಲಹೆಗಾರರ ವರದಿಯೊಂದು ಅಂದಾಜು ಮಾಡಿತ್ತು. ಒಂದನೆಯ ಡಿವಿಷನ್‌ನ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಲು ದಾರಿಮಾಡಿದ, ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ನೀಡಲೊಪ್ಪಿದ ಹೌಸ್ ಮೊಕದ್ದಮೆಯ ಒಪ್ಪಂದಕ್ಕೆ 2025ರ ಜೂನ್ 6ರಂದು ನ್ಯಾಯಾಲಯ ಅನುಮತಿಯಿತ್ತ ಬಳಿಕ ಚಿಕ್ಕ ಸಂಸ್ಥೆಗಳಿಗೆ ಆ ಡಿವಿಷನ್‌ನಲ್ಲಿ ಉಳಿಯುವುದು ಇನ್ನಷ್ಟು ದುಬಾರಿಯಾಗಿದೆ. ಅದಕ್ಕೂ ಮುನ್ನ, 2025ರ ಮಾರ್ಚ್‌ನಲ್ಲಿ, ಪೆನ್ಸಿಲ್ವೇನಿಯಾದ ಲೊರೆಟ್ಟೊ ಎಂಬ ಸಣ್ಣ ಊರಿನ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾಲಯ ತನ್ನ ಬಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿದ ಕೆಲವೇ ದಿನಗಳಲ್ಲಿ, ಆಟಗಾರರಿಗೆ ಹಣ ಕೊಡುವ ಹೊಸ ಪದ್ಧತಿಯನ್ನೂ ಕಾರಣವಾಗಿ ಹೆಸರಿಸಿ, 2026ರಿಂದ ಮೂರನೆಯ ಡಿವಿಷನ್‌ಗೆ ಇಳಿಯುವುದಾಗಿ ಘೋಷಿಸಿತು.